ಪದ ಹುಡುಕುವವರದು, ಉತ್ತರ ನಿಮ್ಮದು

ನಮ್ಮ ಮನೆಗಳಲ್ಲಿ ಕೈಕೆಲಸ ಬಲ್ಲ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ಒಬ್ಬಾಕೆ ಮದರಂಗಿ ಹಚ್ಚಿದರೆ ಮದುಮಗಳ ಕೈ ನೋಡಲು ಮನೆಮಂದಿಯೆಲ್ಲ ಸೇರುತ್ತಾರೆ. ಇನ್ನೊಬ್ಬಾಕೆ ಬುರ್ಖಾ ಹೊಲಿದರೆ ಅಳತೆ ತಪ್ಪುವುದಿಲ್ಲ. ಮತ್ತೊಬ್ಬಾಕೆಯ ಜರಿ ಕೆಲಸಕ್ಕೆ ಊರಲ್ಲೇ ಸಾಟಿಯಿಲ್ಲ. ಆದರೆ ಈ ಕೌಶಲ್ಯದ ಸುದ್ದಿ ಎಷ್ಟು ದೂರ ಹೋಗುತ್ತದೆ? ಹೆಚ್ಚೆಂದರೆ ಓಣಿಯ ತುದಿಯವರೆಗೆ, ಇಲ್ಲವೇ ನೆಂಟರಿಷ್ಟರ ಮದುವೆ ಮನೆಯವರೆಗೆ.

ಈಗ ಕಾಲ ಬದಲಾಗಿದೆ. ಮಗಳೋ ತಮ್ಮನೋ ಒಂದು ಸಂಜೆ ಕುಳಿತು ನಿಮ್ಮ ಹೆಸರಿನಲ್ಲಿ ಸಣ್ಣದೊಂದು ಜಾಲತಾಣ ಮಾಡಿಕೊಡುತ್ತಾರೆ. ಒಂದಷ್ಟು ಚಿತ್ರಗಳನ್ನು ಹಾಕುತ್ತಾರೆ. "ನಮ್ಮಲ್ಲಿ ಅತ್ಯುತ್ತಮ ಸೇವೆ ಲಭ್ಯ" ಎಂದು ಬರೆಯುತ್ತಾರೆ. ತಿಂಗಳು ಕಳೆಯುತ್ತದೆ, ಎರಡು ತಿಂಗಳು ಕಳೆಯುತ್ತದೆ, ಒಂದು ಫೋನ್ ಕರೆಯೂ ಬರುವುದಿಲ್ಲ. ಕೊನೆಗೆ "ಇದೆಲ್ಲ ದೊಡ್ಡ ಕಂಪೆನಿಗಳಿಗೆ ಸರಿ, ನಮಗಲ್ಲ" ಎಂದು ಕೈಬಿಡುವವರೇ ಹೆಚ್ಚು.

ಕೊರತೆ ನಿಮ್ಮ ಕೈಕೆಲಸದಲ್ಲಿಲ್ಲ. ನಿಮ್ಮನ್ನು ಹುಡುಕುವವರು ಯಾವ ಮಾತಿನಿಂದ ಹುಡುಕುತ್ತಾರೋ ಆ ಮಾತು ನಿಮ್ಮ ತಾಣದಲ್ಲಿ ಎಲ್ಲೂ ಇಲ್ಲ. "ಅತ್ಯುತ್ತಮ ಸೇವೆ" ಎಂದು ಯಾರಾದರೂ ಹುಡುಕುತ್ತಾರೆಯೇ? ನೀವೇ ಯೋಚಿಸಿ ನೋಡಿ.

ಹುಡುಕುಪದ ಎಂದರೇನು?

ದಪ್ಪ ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುವುದನ್ನು ನೀವು ನೋಡಿರಬಹುದು. ಯಾವ ಪದ ಯಾವ ಪುಟದಲ್ಲಿದೆ ಎಂದು ಅದು ಹೇಳುತ್ತದೆ. ಗೂಗಲ್‌ನಂತಹ ಸರ್ಚ್ ಇಂಜಿನ್ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ಅದು ಕೊಂಡಿಯಿಂದ ಕೊಂಡಿಗೆ ಸಾಗುತ್ತಾ ಅಂತರ್ಜಾಲದ ಪುಟಗಳನ್ನು ಓದುತ್ತದೆ, ಯಾವ ಪುಟದಲ್ಲಿ ಏನಿದೆ ಎಂಬ ಮಹಾ ಪದಸೂಚಿಯನ್ನು ಸಿದ್ಧಪಡಿಸಿಕೊಳ್ಳುತ್ತದೆ. ಯಾರಾದರೂ ಒಂದು ಮಾತನ್ನು ಟೈಪ್ ಮಾಡಿದಾಗ ಆ ಸೂಚಿಯಿಂದ ಹೊಂದುವ ಪುಟಗಳನ್ನು ತೆಗೆದು ಸಾಲಾಗಿ ತೋರಿಸುತ್ತದೆ. ಹಾಗೆ ಟೈಪ್ ಮಾಡುವ ಮಾತಿಗೇ ಕೀವರ್ಡ್ ಅಥವಾ ಹುಡುಕುಪದ ಎನ್ನುತ್ತಾರೆ.

ಆ ಪದವನ್ನು ಇಟ್ಟುಕೊಂಡು ಉಪಯುಕ್ತವಾದ ಲೇಖನ ಬರೆದು, ಅದರ ಮೂಲಕ ತಮ್ಮ ಕೆಲಸದತ್ತ ಜನರನ್ನು ಸೆಳೆಯುವುದು ಲೇಖನದ ಮೂಲಕ ಮಾಡುವ ಪ್ರಚಾರ. ಇದು ಅಂತರ್ಜಾಲದವರು ಕಂಡುಹಿಡಿದ ವಿದ್ಯೆಯೇನಲ್ಲ. ಅಮೆರಿಕದ ಕೃಷಿ ಉಪಕರಣಗಳ ಕಂಪೆನಿ ಜಾನ್ ಡೀರ್ 1895ರಲ್ಲಿಯೇ 'ದಿ ಫರೋ' ಎಂಬ ಪತ್ರಿಕೆ ಹೊರತಂದು ರೈತರಿಗೆ ಬೇಸಾಯದ ತಿಳುವಳಿಕೆ ಕೊಡತೊಡಗಿತು. ಫ್ರಾನ್ಸಿನ ಟೈರ್ ತಯಾರಕರಾದ ಮಿಶೆಲಿನ್ ಸಹೋದರರು 1900ರಲ್ಲಿ ವಾಹನ ಸವಾರರಿಗಾಗಿ ಕೈಪಿಡಿಯೊಂದನ್ನು ಉಚಿತವಾಗಿ ಹಂಚಿದರು. ಜನ ಹೆಚ್ಚು ತಿರುಗಾಡಿದರೆ ಟೈರ್ ಹೆಚ್ಚು ಸವೆಯುತ್ತದೆ ಎಂಬ ಲೆಕ್ಕಾಚಾರ ಅವರದು. ಮೊದಲು ತಿಳುವಳಿಕೆ ಕೊಡು, ನಂತರ ವ್ಯಾಪಾರ ತಾನಾಗಿ ಬರುತ್ತದೆ ಎಂಬುದೇ ಇದರ ತಿರುಳು.

ಸಣ್ಣ ವಿಷಯವೇ ನಿಮ್ಮ ಬಲ

"ಮೆಹಂದಿ" ಎಂಬ ಒಂದೇ ಪದವನ್ನು ಹುಡುಕಿದರೆ ಕಾಣುವುದು ದೊಡ್ಡ ದೊಡ್ಡ ತಾಣಗಳು. ಅಲ್ಲಿ ಸ್ಪರ್ಧಿಸುವುದು ಹೊಸಬರಿಂದ ಆಗದ ಮಾತು. ಆದರೆ "ರಾಸಾಯನಿಕ ಇಲ್ಲದ ಮದುಮಗಳ ಮದರಂಗಿ ಪುತ್ತೂರು" ಎಂದು ಹುಡುಕುವವರು ಬೆರಳೆಣಿಕೆಯಷ್ಟೇ ಇರಬಹುದು. ಹಾಗೆ ಹುಡುಕುವಾಕೆ ಮಾತ್ರ ಸುಮ್ಮನೆ ಚಿತ್ರ ನೋಡಲು ಬಂದವಳಲ್ಲ. ಆಕೆಯ ಮನೆಯಲ್ಲಿ ನಿಕಾಹ್ ನಿಶ್ಚಯವಾಗಿದೆ, ಕೈಯಲ್ಲಿ ಹಣವಿದೆ, ಮನಸ್ಸಿನಲ್ಲಿ ಒಂದು ಆತಂಕವೂ ಇದೆ. ಅಂತಹ ಐವರು ಬಂದರೆ ಸಾಕು, ಚಿತ್ರ ನೋಡಿ ಹೋಗುವ ಐನೂರು ಜನರಿಗಿಂತ ಅವರೇ ಮೇಲು.

ಅಮೆರಿಕದ ಪತ್ರಕರ್ತ ಕ್ರಿಸ್ ಆಂಡರ್ಸನ್ 2004ರಲ್ಲಿ 'ವೈರ್ಡ್' ಪತ್ರಿಕೆಯಲ್ಲಿ ಇದನ್ನು 'ಉದ್ದನೆಯ ಬಾಲ' ಎಂದು ಕರೆದರು. ಹೆಚ್ಚು ಜನ ಕೇಳುವ ಕೆಲವೇ ಸರಕುಗಳು ತಲೆಯಿದ್ದಂತೆ. ಕೆಲವೇ ಜನ ಕೇಳುವ ಅಸಂಖ್ಯ ಸಣ್ಣ ಸರಕುಗಳು ಬಾಲವಿದ್ದಂತೆ. ಅಂತರ್ಜಾಲದಲ್ಲಿ ಆ ಬಾಲವೂ ಒಂದು ದೊಡ್ಡ ಮಾರುಕಟ್ಟೆಯೇ ಆಗುತ್ತದೆ. ಮನೆಯಿಂದ ಕೆಲಸ ಮಾಡುವ ಮಹಿಳೆಗೆ ಸ್ಥಳವಿರುವುದು ಈ ಬಾಲದಲ್ಲಿ.

ಹಾಗಾಗಿ ಮದರಂಗಿ, ಹೊಲಿಗೆ, ಅಡುಗೆ ಎಲ್ಲವನ್ನೂ ಒಂದೇ ತಾಣದಲ್ಲಿ ತುಂಬಬೇಡಿ. ಒಂದನ್ನು ಆರಿಸಿ. ಆ ಒಂದರ ಬಗ್ಗೆ ಕೇಳಬಹುದಾದ ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿ.

ಪದಗಳನ್ನು ಹುಡುಕುವುದು ಹೇಗೆ?

ಇದಕ್ಕೆ ಹಣ ಕೊಡಬೇಕಾಗಿಲ್ಲ. ಒಂದು ನೋಟುಪುಸ್ತಕ ಸಾಕು.

1. ಕಿವಿಗೊಡಿ. ಗಿರಾಕಿಗಳು ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದಿಡಿ. "ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?", "ಬಣ್ಣ ಯಾಕೆ ಬರಲಿಲ್ಲ?", "ಗರ್ಭಿಣಿ ಹಚ್ಚಬಹುದಾ?" ನೀವು ಸಾವಿರ ಸಲ ಉತ್ತರಿಸಿ ಬೇಸತ್ತ ಪ್ರಶ್ನೆಯೇ ಬಹಳ ಬೆಲೆಯುಳ್ಳ ಹುಡುಕುಪದ.

2. ಗೂಗಲನ್ನೇ ಕೇಳಿ. ಹುಡುಕುವ ಪೆಟ್ಟಿಗೆಯಲ್ಲಿ "ಮೆಹಂದಿ ಬಣ್ಣ" ಎಂದು ಬರೆದು ನಿಲ್ಲಿಸಿ. ಕೆಳಗೆ ಸಾಲುಸಾಲಾಗಿ ಸಲಹೆಗಳು ಇಳಿಯುತ್ತವೆ. ಅವು ಬಹುತೇಕ ಜನರು ನಿಜವಾಗಿ ಹುಡುಕಿದ ಮಾತುಗಳು. ಯೂಟ್ಯೂಬಿನಲ್ಲೂ ಹೀಗೆಯೇ ಮಾಡಿ ನೋಡಿ.

3. ಕಾಲವನ್ನು ಗಮನಿಸಿ. 2006ರಲ್ಲಿ ಆರಂಭವಾದ ಗೂಗಲ್ ಟ್ರೆಂಡ್ಸ್ ಎಂಬ ಉಚಿತ ಸೌಲಭ್ಯದಲ್ಲಿ ಒಂದು ಪದದ ಹುಡುಕಾಟ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ನೋಡಬಹುದು. ಹುಡುಕುವವರು ತೀರಾ ಕಡಿಮೆಯಿರುವ ಪದಗಳಿಗೆ ಅದು ಏನನ್ನೂ ತೋರಿಸದು, ಅದಕ್ಕೆ ಎದೆಗುಂದಬೇಡಿ. ಹೊಸ ಲೇಖನ ಸರ್ಚ್ ಇಂಜಿನ್ನಿನ ಕಣ್ಣಿಗೆ ಬಿದ್ದು ಮೇಲೇರಲು ಸಮಯ ಬೇಕು. ಹೀಗಾಗಿ ಈದ್‌ಗೆ ಸಂಬಂಧಿಸಿದ ಬರಹ ಎರಡು ಮೂರು ತಿಂಗಳು ಮೊದಲೇ ಸಿದ್ಧವಿರಬೇಕು. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಈದ್ ವರ್ಷ ವರ್ಷವೂ ಹಿಂದೆ ಸರಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಒಂದೇ ವಸ್ತು, ನಾಲ್ಕು ಹೆಸರು

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಕರಾವಳಿಯವರು ಮದರಂಗಿ ಎನ್ನುತ್ತಾರೆ. ಬಯಲುಸೀಮೆಯ ಹಲವೆಡೆ ಅದು ಗೋರಂಟಿ. ಮಲಯಾಳ, ಬ್ಯಾರಿ ಮಾತಾಡುವ ಮನೆಗಳಲ್ಲಿ ಮೈಲಾಂಜಿ. ಉರ್ದು ಮಾತಾಡುವವರಿಗೆ ಮೆಹಂದಿ. ಎಲೆ ಒಂದೇ, ಹೆಸರು ನಾಲ್ಕು. "ಮೆಹಂದಿ" ಎಂದಷ್ಟೇ ಬರೆದ ಲೇಖನ "ಗೋರಂಟಿ" ಎಂದು ಹುಡುಕಿದವಳಿಗೆ ಕಾಣದೇ ಹೋಗಬಹುದು. ಇದಕ್ಕೆ ಪರಿಹಾರ ಸುಲಭ. "ಕರಾವಳಿಯಲ್ಲಿ ಮದರಂಗಿ, ಮೈಸೂರು ಕಡೆ ಗೋರಂಟಿ ಎನ್ನುವ ಈ ಎಲೆ..." ಎಂದು ಸಹಜವಾಗಿ ಒಂದು ವಾಕ್ಯ ಬರೆದರಾಯಿತು.

ಊರ ಹೆಸರಿನದ್ದೂ ಇದೇ ಕತೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು, ಮ್ಯಾಂಗಲೋರ್ ಹೋಗಿ ಇಂಗ್ಲಿಷಿನಲ್ಲೂ ಮಂಗಳೂರು ಎಂದಾಯಿತು. ಆದರೆ ಬಾಯಿಗೆ ಹತ್ತಿದ ಹಳೆಯ ಹೆಸರು ಅಷ್ಟು ಬೇಗ ಹೋಗುವುದಿಲ್ಲ. ಊರಲ್ಲಿರುವ ತಂಗಿಯ ಮದುವೆಗೆ ಕೊಲ್ಲಿಯಿಂದ ವ್ಯವಸ್ಥೆ ಮಾಡುವ ಅಣ್ಣ ಈಗಲೂ ಹಳೆಯ ಹೆಸರಿನಿಂದಲೇ ಹುಡುಕಬಹುದು. ಎರಡೂ ಹೆಸರು ನಿಮ್ಮ ಬರಹದಲ್ಲಿರಲಿ.

ಇನ್ನೊಂದು ಮಾತು. ನಮ್ಮಲ್ಲಿ ಬಹಳ ಮಂದಿ ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುತ್ತಾರೆ. ಆದ್ದರಿಂದ ಶೀರ್ಷಿಕೆ ಕನ್ನಡದಲ್ಲಿದ್ದರೂ ಪುಟದ ವಿಳಾಸದಲ್ಲಿ ಅಥವಾ ಚಿತ್ರದ ಹೆಸರಿನಲ್ಲಿ ಅದೇ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಕೊಡುವುದು ಒಳ್ಳೆಯದು.

ಲೇಖನ ಹೇಗಿರಬೇಕು?

ಒಂದು ಲೇಖನಕ್ಕೆ ಒಂದೇ ಪ್ರಶ್ನೆ. ಆ ಪ್ರಶ್ನೆಯೇ ಶೀರ್ಷಿಕೆಯಾಗಲಿ. "ಮದರಂಗಿ: ಒಂದು ಅವಲೋಕನ" ಎಂದರೆ ಯಾರಿಗೂ ಬೇಡ. "ಮದರಂಗಿ ತೆಗೆದಾಗ ಕಿತ್ತಳೆ ಬಣ್ಣ ಬಂದರೆ ಹೆದರಬೇಕೇ?" ಎಂದರೆ ಮದುವೆಯ ಹಿಂದಿನ ದಿನ ಗಾಬರಿಗೊಂಡ ಹುಡುಗಿಯೊಬ್ಬಳು ಖಂಡಿತ ಓದುತ್ತಾಳೆ.

ಉತ್ತರ ಮೊದಲ ಎರಡು ಮೂರು ವಾಕ್ಯಗಳಲ್ಲೇ ಬರಲಿ. ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣದ ಅಂಶ ಚರ್ಮದ ಮೇಲ್ಪದರಕ್ಕೆ ಅಂಟಿಕೊಳ್ಳುತ್ತದೆ, ಆರಂಭದಲ್ಲಿ ಕಿತ್ತಳೆಯಾಗಿ ಕಂಡು, ಒಂದೆರಡು ದಿನಗಳಲ್ಲಿ ಗಾಢ ಕೆಂಗಂದಾಗುತ್ತದೆ, ಅಲ್ಲಿಯವರೆಗೆ ನೀರು ತಾಗದಂತೆ ನೋಡಿಕೊಂಡಷ್ಟೂ ಒಳ್ಳೆಯದು ಎಂದು ನೇರವಾಗಿ ಹೇಳಿ. ವಿವರಣೆ ನಂತರ ಬರಲಿ. ಚಿತ್ರಗಳು ನೀವೇ ತೆಗೆದವುಗಳಾಗಿರಲಿ. ಮೊದಲ ಗಂಟೆ, ಮೊದಲ ರಾತ್ರಿ, ಎರಡನೆಯ ದಿನ ಹೀಗೆ ಒಂದೇ ಕೈಯ ಮೂರು ಚಿತ್ರಗಳಿದ್ದರೆ ಸಾವಿರ ಪದಗಳ ಕೆಲಸ ಅವೇ ಮಾಡುತ್ತವೆ. ಚಿತ್ರದ ಕೆಳಗೆ ಅದೇನೆಂದು ಬರೆಯಿರಿ, ಏಕೆಂದರೆ ಯಂತ್ರಕ್ಕೆ ಚಿತ್ರದ ಅರ್ಥ ತಿಳಿಯಲು ಅಕ್ಷರಗಳು ಬಹಳ ನೆರವಾಗುತ್ತವೆ.

ಹುಡುಕುಪದ ಶೀರ್ಷಿಕೆಯಲ್ಲಿ ಒಮ್ಮೆ, ಮೊದಲ ಪ್ಯಾರಾದಲ್ಲಿ ಒಮ್ಮೆ, ನಡುವೆ ಸಹಜವಾಗಿ ಬಂದಲ್ಲಿ ಬಂದರೆ ಸಾಕು. ಬರೆದದ್ದನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿ. ಎಲ್ಲಿ ನಾಲಗೆ ತೊಡರುತ್ತದೋ ಅಲ್ಲಿ ನೀವು ಪದವನ್ನು ತುರುಕಿದ್ದೀರಿ ಎಂದರ್ಥ. ಉಪ್ಪು ರುಚಿಗೆ ತಕ್ಕಷ್ಟಿರಬೇಕು, ಹೆಚ್ಚಾದರೆ ಸಾರನ್ನು ಚೆಲ್ಲಬೇಕಾಗುತ್ತದೆ.

ಅತಿಯಾಸೆಯ ಪಾಠ

ಹಾಗೆ ಚೆಲ್ಲಿಹೋದ ಸಾರಿನ ಕತೆ ನಿಜವಾಗಿಯೂ ಇದೆ. 2000ದ ದಶಕದಲ್ಲಿ ಅಮೆರಿಕದಲ್ಲಿ ಲೇಖನಗಳ ಭಂಡಾರಗಳು ಹುಟ್ಟಿಕೊಂಡವು. 1999ರಲ್ಲಿ ಆರಂಭವಾದ 'ಈಜೀನ್ ಆರ್ಟಿಕಲ್ಸ್' ಅವುಗಳಲ್ಲಿ ಪ್ರಮುಖವಾದುದು. ಯಾರು ಬೇಕಾದರೂ ಅಲ್ಲಿ ಲೇಖನ ಕೊಡಬಹುದಿತ್ತು. ಪ್ರತಿಫಲವಾಗಿ ಲೇಖನದ ಕೊನೆಯಲ್ಲಿ ಬರೆದವರ ಕಿರುಪರಿಚಯ ಮತ್ತು ಅವರ ತಾಣದ ಕೊಂಡಿ ಇರುತ್ತಿತ್ತು. ಇತರರಿಂದ ಬರುವ ಕೊಂಡಿಗಳನ್ನು ಗೂಗಲ್ ಒಂದು ಬಗೆಯ ಶಿಫಾರಸು ಎಂದು ಪರಿಗಣಿಸುವುದರಿಂದ, ಕೊಂಡಿ ಹೆಚ್ಚಿದಷ್ಟೂ ತಾಣ ಮೇಲೇರುತ್ತಿತ್ತು. ಪದ್ಧತಿ ಚೆನ್ನಾಗಿಯೇ ಇತ್ತು.

ಆದರೆ ಬಹುಬೇಗ ಅದು ದಂಧೆಯಾಯಿತು. ಒಂದೇ ಲೇಖನದಲ್ಲಿ ಪದಗಳನ್ನು ಅದಲುಬದಲು ಮಾಡಿ ನೂರು ಲೇಖನ ಮಾಡುವ ಸಾಫ್ಟ್‌ವೇರ್‌ಗಳು ಬಂದವು. ವಿಷಯ ತಿಳಿಯದವರು ಕೂಲಿಗೆ ಕುಳಿತು ದಿನಕ್ಕೆ ಹಲವಾರು ಲೇಖನ ಹೊಸೆದರು. ಹುಡುಕುಪದ ಸಾಲುಸಾಲಿನಲ್ಲೂ ಇತ್ತು, ಹುಡುಕಿಕೊಂಡು ಬಂದವನಿಗೆ ಬೇಕಾದ ಉತ್ತರ ಮಾತ್ರ ಎಲ್ಲಿಯೂ ಇರಲಿಲ್ಲ.

2011ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಲೆಕ್ಕಾಚಾರವನ್ನೇ ಬದಲಿಸಿತು. 'ಪಾಂಡಾ' ಎಂದು ಹೆಸರಾದ ಈ ಬದಲಾವಣೆ ಅಮೆರಿಕದ ಹುಡುಕಾಟಗಳಲ್ಲಿ ಶೇ. 11.8ರಷ್ಟನ್ನು ಗಮನಾರ್ಹವಾಗಿ ಬದಲಿಸಿತೆಂದು ಸ್ವತಃ ಗೂಗಲ್ ಹೇಳಿತು. ಲೇಖನ ಭಂಡಾರಗಳು ರಾತ್ರೋರಾತ್ರಿ ಕೆಳಗುರುಳಿದವು. ಮರುವರ್ಷ, 2012ರ ಏಪ್ರಿಲ್‌ನಲ್ಲಿ, ಕೃತಕ ಕೊಂಡಿಗಳನ್ನು ಹಿಡಿಯುವ 'ಪೆಂಗ್ವಿನ್' ಬಂತು. ವರ್ಷಗಟ್ಟಲೆ ಕಟ್ಟಿದ್ದ ಎಷ್ಟೋ ಜನರ ಸಂಪಾದನೆ ನೀರಿನಲ್ಲಿ ಹೋಮವಾಯಿತು. 2024ರ ಮಾರ್ಚ್‌ನಲ್ಲಿ ಗೂಗಲ್ ಮತ್ತೊಂದು ನಿಯಮ ಬಿಗಿ ಮಾಡಿತು: ಓದುಗರಿಗೆ ಉಪಕಾರವಿಲ್ಲದೆ, ಮೇಲೇರುವ ಒಂದೇ ಉದ್ದೇಶದಿಂದ ರಾಶಿ ರಾಶಿ ಬರಹ ಸುರಿಯುವುದು, ಅದನ್ನು ಮನುಷ್ಯ ಬರೆಯಲಿ ಯಂತ್ರ ಬರೆಯಲಿ, ಮೋಸವೆಂದೇ ಪರಿಗಣಿಸಲಾಗುವುದು.

ಆದ್ದರಿಂದ ಈಗ ಯಾರಾದರೂ "ತಿಂಗಳಿಗೆ ನೂರು ಲೇಖನ, ಮೊದಲ ಪುಟ ಗ್ಯಾರಂಟಿ" ಎಂದು ಹಣ ಕೇಳಿದರೆ ನಂಬಬೇಡಿ. ಗೂಗಲಿನ ಮೊದಲ ಸ್ಥಾನಕ್ಕೆ ಯಾರೂ ಗ್ಯಾರಂಟಿ ಕೊಡಲಾರರು. ಪುಟದ ಹಿಂಬದಿಯಲ್ಲಿ ಕೀವರ್ಡ್‌ಗಳ ಪಟ್ಟಿ ಸೇರಿಸಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಆ ಪಟ್ಟಿಯನ್ನು ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲಿಯೇ ತಿಳಿಸಿದೆ.

ಪದ ಒಂದು ಹೇಳಿದರೆ, ಸತ್ಯ ಇನ್ನೊಂದು ಹೇಳಿದರೆ?

ಇನ್ನು ಮುಖ್ಯ ಮಾತಿಗೆ ಬರೋಣ. ಪದ ಹುಡುಕಲು ಹೊರಟ ನಿಮಗೆ "ಹತ್ತು ನಿಮಿಷದಲ್ಲಿ ಕಪ್ಪು ಮೆಹಂದಿ" ಎಂಬ ಮಾತು ಎದುರಾಗುತ್ತದೆ. ಜನ ಕೇಳುವುದು ಅದನ್ನೇ. ಬರೆದರೆ ಓದುಗರು ಬರುತ್ತಾರೆ. ಆದರೆ ಶುದ್ಧ ಮದರಂಗಿ ಹತ್ತು ನಿಮಿಷದಲ್ಲಿ ಕಪ್ಪಾಗುವುದಿಲ್ಲ ಎಂಬುದು ಈ ಕೆಲಸ ಬಲ್ಲ ನಿಮಗೆ ಚೆನ್ನಾಗಿ ಗೊತ್ತು. ಹಾಗೆ ಕಪ್ಪಾಗಿಸುವುದು ಬಹುತೇಕ ಪಿಪಿಡಿ ಎಂಬ ರಾಸಾಯನಿಕ. ಇದು ಕೂದಲಿಗೆ ಹಚ್ಚುವ ಬಣ್ಣಗಳಲ್ಲಿ ಬಳಸುವ ವಸ್ತು. ಚರ್ಮದ ಮೇಲೆ ನೇರವಾಗಿ ಬಿದ್ದರೆ ಕೆಲವರಿಗೆ ಗುಳ್ಳೆಗಳೆದ್ದು, ಸುಟ್ಟಂತಾಗಿ, ಕಲೆ ಉಳಿಯುತ್ತದೆ. ಒಮ್ಮೆ ಹೀಗೆ ಅಲರ್ಜಿಯಾದವರಿಗೆ ಮುಂದೆ ಕೂದಲ ಬಣ್ಣ ಹಚ್ಚಿದಾಗಲೂ ತೀವ್ರ ತೊಂದರೆಯಾಗಬಹುದು.

ಈಗ ನೀವೇನು ಮಾಡುತ್ತೀರಿ? ಆ ಪದ ಬಿಟ್ಟುಬಿಡುತ್ತೀರಾ? ಬಿಡಬೇಡಿ. ನೀವು ಬಿಟ್ಟರೆ ಆ ಪದ ಹುಡುಕಿದ ಹುಡುಗಿ ಕಪ್ಪು ಕೋನ್ ಮಾರುವವರ ಕೈಗೇ ಹೋಗುತ್ತಾಳೆ. ಅದೇ ಮಾತನ್ನು ಶೀರ್ಷಿಕೆಯಲ್ಲಿಡಿ: "ಹತ್ತು ನಿಮಿಷದಲ್ಲಿ ಕಪ್ಪು ಮೆಹಂದಿ: ಮದುಮಗಳು ಹಚ್ಚುವ ಮೊದಲು ತಿಳಿಯಬೇಕಾದ್ದು". ಒಳಗೆ ನಿಜ ಹೇಳಿ. ಕಪ್ಪು ಕೋನ್ ಗುರುತಿಸುವುದು ಹೇಗೆ, ಶುದ್ಧ ಮದರಂಗಿಯಿಂದ ಗಾಢ ಬಣ್ಣ ಪಡೆಯಲು ಎಷ್ಟು ಗಂಟೆ ಇಟ್ಟುಕೊಳ್ಳಬೇಕು, ಮದುವೆಗೆ ಎಷ್ಟು ದಿನ ಮೊದಲು ಹಚ್ಚಬೇಕು ಎಂಬುದನ್ನು ತಿಳಿಸಿ. ಪದ ಹುಡುಕುವವರದು, ಉತ್ತರ ನಿಮ್ಮದು. ಕೇಳಿದ್ದನ್ನೆಲ್ಲ ಮಾರುವವಳು ಒಂದು ಮದುವೆಗೆ ಗಿರಾಕಿ ಪಡೆಯುತ್ತಾಳೆ. ನಿಜ ಹೇಳಿದವಳನ್ನು ಆ ಮನೆಯ ತಂಗಿಯ ಮದುವೆಗೂ ಕರೆಯುತ್ತಾರೆ.

ಹೊಲಿಗೆಯಾಗಲಿ, ಅಡುಗೆಯಾಗಲಿ, ಪ್ರತಿಯೊಂದು ಕೆಲಸದಲ್ಲೂ ಇಂತಹ ಒಂದು 'ಕಪ್ಪು ಕೋನ್' ಇದ್ದೇ ಇರುತ್ತದೆ. ನಿಮ್ಮ ಕೆಲಸದಲ್ಲಿ ಅದು ಯಾವುದು ಎಂದು ಯೋಚಿಸಿ. ನಿಮ್ಮ ಮೊದಲ ಲೇಖನ ಅದರ ಬಗ್ಗೆಯೇ ಇರಲಿ.

ನೆನಪಿಡಬೇಕಾದ ಕೆಲವು ಸಂಗತಿಗಳು

* ಒಂದೇ ಲೇಖನವನ್ನು ಹತ್ತು ಕಡೆ ಹಾಕಬೇಡಿ. ಬೇರೆಯವರ ತಾಣಕ್ಕೋ ಪತ್ರಿಕೆಗೋ ಬರೆಯುವುದಾದರೆ ಹೊಸತನ್ನೇ ಬರೆಯಿರಿ. ಉದಾಹರಣೆಗೆ, ಮದುವೆ ಸಿದ್ಧತೆಯ ಬಗ್ಗೆ ಬರೆಯುವವರಿಗೆ ಮದರಂಗಿಯ ದಿನದ ವೇಳಾಪಟ್ಟಿ ಬರೆದುಕೊಡಿ. ಕೊನೆಯಲ್ಲಿ ಒಂದು ಸಾಲಿನ ಪರಿಚಯ ಸಾಕು.

* ಇತರರ ಚಿತ್ರ ಕದಿಯಬೇಡಿ. ಮದುಮಗಳ ಕೈಯ ಚಿತ್ರ ಹಾಕುವ ಮೊದಲು ಆಕೆಯ ಮತ್ತು ಮನೆಯವರ ಒಪ್ಪಿಗೆ ಪಡೆಯಿರಿ. ಮುಖ ಕಾಣಬೇಕಾಗಿಲ್ಲ, ಕೈ ಸಾಕು.

* ಮನೆಯ ವಿಳಾಸ ಎಲ್ಲರಿಗೂ ತಿಳಿಯಬೇಕಾಗಿಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬ ಉಚಿತ ಸೌಲಭ್ಯದಲ್ಲಿ ವಿಳಾಸ ಮರೆಮಾಡಿ, ಯಾವ ಯಾವ ಊರುಗಳಿಗೆ ಹೋಗಿ ಕೆಲಸ ಮಾಡುತ್ತೀರಿ ಎಂಬುದನ್ನಷ್ಟೇ ತೋರಿಸಬಹುದು. ಫೋನಿಗೂ ಮನೆಯ ನಂಬರ್ ಬದಲು ಕೆಲಸಕ್ಕೆಂದೇ ಒಂದು ಪ್ರತ್ಯೇಕ ನಂಬರ್ ಇಟ್ಟುಕೊಳ್ಳಿ.

* ಲೆಕ್ಕವಿಡಿ. ಯಾವ ಮಾತು ಹುಡುಕಿದಾಗ ನಿಮ್ಮ ಪುಟ ಕಂಡಿತು ಎಂಬುದನ್ನು ಗೂಗಲ್ ಸರ್ಚ್ ಕನ್ಸೋಲ್ ಉಚಿತವಾಗಿ ತೋರಿಸುತ್ತದೆ. ಆದರೆ ಎಷ್ಟು ಜನ ಬಂದರು ಎಂಬುದಕ್ಕಿಂತ ಎಷ್ಟು ಜನ ಫೋನ್ ಮಾಡಿದರು ಎಂಬುದೇ ಮುಖ್ಯ. ಕರೆ ಮಾಡಿದವರನ್ನೆಲ್ಲ "ನಮ್ಮ ಬಗ್ಗೆ ಹೇಗೆ ತಿಳಿಯಿತು?" ಎಂದು ಕೇಳಿ ನೋಟುಪುಸ್ತಕದಲ್ಲಿ ಬರೆದಿಡಿ.

* ಹಳೆಯ ಲೇಖನವನ್ನು ವರ್ಷಕ್ಕೊಮ್ಮೆಯಾದರೂ ತಿರುಗಿ ಓದಿ, ತಿದ್ದಿ. ಬೆಲೆ, ಊರು, ಸಮಯ ಬದಲಾಗಿದ್ದರೆ ಸರಿಪಡಿಸಿ.

2024ರಿಂದ ಭಾರತದಲ್ಲೂ ಗೂಗಲ್ ಹಲವು ಪ್ರಶ್ನೆಗಳಿಗೆ ಕೃತಕ ಬುದ್ಧಿಮತ್ತೆಯಿಂದ ತಾನೇ ಉತ್ತರ ಹೆಣೆದು ಮೇಲ್ಗಡೆ ತೋರಿಸುತ್ತಿದೆ. ಹಾಗಾದರೆ ನಮ್ಮ ಲೇಖನ ಓದುವವರು ಯಾರು ಎಂಬ ಅನುಮಾನ ಸಹಜ. ಎಲ್ಲರಿಗೂ ತಿಳಿದ ಸಾಮಾನ್ಯ ಸಂಗತಿಯನ್ನು ಯಂತ್ರವೂ ಹೇಳೀತು. ಆದರೆ ಮಳೆಗಾಲದ ಥಂಡಿಯಲ್ಲಿ ನಿಮ್ಮ ಊರಿನ ಮದುಮಗಳ ಕೈಗೆ ಬಣ್ಣ ಹೇಗೆ ಹಿಡಿಯಿತು ಎಂಬುದನ್ನು ನೋಡಿದ್ದು ನೀವು. ಕೈ ಹಿಡಿದು ಹಚ್ಚಿದವಳ ಅನುಭವವನ್ನು ಯಂತ್ರ ಎಲ್ಲಿಂದ ತಂದೀತು? ಬರೆಯಬೇಕಾದುದು ಅದನ್ನೇ.

ತಾಳ್ಮೆಯಿರಲಿ

ಈ ಕೆಲಸದ ಫಲ ಒಂದು ವಾರದಲ್ಲಿ ಕಾಣುವುದಿಲ್ಲ. ತಿಂಗಳುಗಳೇ ಬೇಕು. ವಾರಕ್ಕೊಂದರಂತೆ ಬರೆದರೂ ವರ್ಷಕ್ಕೆ 52 ಲೇಖನಗಳಾಗುತ್ತವೆ. ಅಷ್ಟಾಗದಿದ್ದರೆ ತಿಂಗಳಿಗೆ ಎರಡು ಬರೆಯಿರಿ. ಮಕ್ಕಳು ಮಲಗಿದ ಮೇಲೆ ಸಿಗುವ ಅರ್ಧ ಗಂಟೆ ಇದಕ್ಕೆ ಸಾಕು. ಜಾಹೀರಾತಿಗೆ ಕೊಟ್ಟ ಹಣ ಆ ದಿನಕ್ಕೇ ಮುಗಿಯುತ್ತದೆ. ಒಳ್ಳೆಯ ಲೇಖನ ಹಿತ್ತಲಿನಲ್ಲಿ ನೆಟ್ಟ ನುಗ್ಗೆಯಂತೆ, ಒಮ್ಮೆ ಬೇರು ಹಿಡಿದರೆ ನೀವು ಬೇರೆ ಕೆಲಸದಲ್ಲಿದ್ದಾಗಲೂ ಕಾಯಿ ಬಿಡುತ್ತಿರುತ್ತದೆ.

ಸಹೋದರಿಯರೇ, ಇಂದು ರಾತ್ರಿಯೇ ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಕೆಲಸದ ಬಗ್ಗೆ ಜನರು ನಿಮ್ಮಲ್ಲಿ ಕೇಳಿದ ಹತ್ತು ಪ್ರಶ್ನೆಗಳನ್ನು, ಅವರು ಕೇಳಿದ ಹಾಗೆಯೇ, ಒಂದಕ್ಷರ ತಿದ್ದದೆ ಬರೆಯಿರಿ. ಅವುಗಳಲ್ಲಿ ಬೇರೆಯವರು ಪ್ರಾಮಾಣಿಕವಾಗಿ ಉತ್ತರಿಸದ ಪ್ರಶ್ನೆ ಯಾವುದು ಎಂದು ನೋಡಿ ಅದಕ್ಕೊಂದು ಗುರುತು ಹಾಕಿ. ಹಾಳೆಯ ಹಿಂಬದಿಯಲ್ಲಿ ಅದರ ಉತ್ತರ ಬರೆಯಲು ಆರಂಭಿಸಿ.